ಮಣ್ಣಿಗೆ ತಕ್ಕ ಬಣ್ಣ: ಹೈಡ್ರಾಂಜಿಯ ಗಿಡದ ಆಯ್ಕೆ ಮತ್ತು ಪಾಲನೆ

ಮನೆಯಂಗಳದಲ್ಲಿ ಹೂಗಿಡಗಳನ್ನು ಬೆಳೆಸುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಸದಭ್ಯಾಸ. ಮಲ್ಲಿಗೆ, ಸಂಪಿಗೆ, ಜಾಜಿ, ಕಣಗಿಲೆಗಳು ಪೂಜೆಗೆ ಒದಗುವುದಲ್ಲದೆ ನಮ್ಮ ಕವಿಗಳ ಉದ್ಯಾನವರ್ಣನೆಗಳಲ್ಲಿಯೂ ಸ್ಥಾನ ಪಡೆದಿವೆ. ಆ ವರ್ಣನೆಗಳಲ್ಲಿ ಕಾಣಸಿಗದ, ಆದರೆ ಕೊಡಗು, ಚಿಕ್ಕಮಗಳೂರು ಮೊದಲಾದ ಕಡೆಗಳ ಮನೆಯಂಗಳಗಳಲ್ಲಿ ಇಂದು ಚಿರಪರಿಚಿತವಾಗಿರುವ ಹೂವೊಂದಿದೆ. ಅದೇ ಹೈಡ್ರಾಂಜಿಯ. ಅಂಗೈಯಗಲದ ಹಸಿರೆಲೆಗಳ ನಡುವೆ ಚೆಂಡಿನಂತೆ ಅರಳಿ ನಿಲ್ಲುವ ಅದರ ಗೊಂಚಲನ್ನು ಕಂಡವರು ತಮ್ಮ ಮನೆಗೂ ಒಂದು ಗಿಡವನ್ನು ತರಬೇಕೆಂದು ಬಯಸುವುದು ಸಹಜವೇ ಸರಿ. ಆದರೆ ಮಲೆನಾಡಿನಲ್ಲಿ ನೀಲಿಯಾಗಿ ಕಂಡ ಗಿಡವು ಬಯಲುಸೀಮೆಗೆ ಬಂದ ಬಳಿಕ ಗುಲಾಬಿ ಬಣ್ಣದ ಹೂ ಬಿಡಬಹುದು. ಇಲ್ಲವೆ ಎಲೆ ಹಳದಿಯಾಗಿ ಸೊರಗಿಹೋಗಬಹುದು. ಆಗ ಕೊಂಡವರು ಮಾರಿದವರನ್ನು ಶಂಕಿಸುವುದುಂಟು. ಇದಕ್ಕೆ ಕಾರಣ ಬಹುಮಟ್ಟಿಗೆ ಮಣ್ಣು. ಆದುದರಿಂದ ಗಿಡವನ್ನು ಕೊಳ್ಳುವ ಮುನ್ನ ತನ್ನ ಅಂಗಳದ ಮಣ್ಣನ್ನು ಅರಿಯಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೈಡ್ರಾಂಜಿಯ ಎಂಬುದು ಗ್ರೀಕ್ ಭಾಷೆಯ ಎರಡು ಪದಗಳಿಂದಾದ ಸಮಸ್ತಪದ. ಮೊದಲನೆಯದಕ್ಕೆ ನೀರು ಎಂದೂ ಎರಡನೆಯದಕ್ಕೆ ಪಾತ್ರೆ ಎಂದೂ ಅರ್ಥ. ಬೀಜಕೋಶವು ಪುಟ್ಟ ನೀರಿನ ಪಾತ್ರೆಯನ್ನು ಹೋಲುವುದರಿಂದ ಈ ಹೆಸರು ಬಂದಿತು. ನಾವು ಅಂಗಳದಲ್ಲಿ ಬೆಳೆಸುವ ಅಗಲವಾದ ಎಲೆಯ ಜಾತಿಯ ತವರು ಜಪಾನ್ ದೇಶ. ಅಲ್ಲಿ ಇದನ್ನು ಅಜಿಸಾಯ್ ಎಂದು ಕರೆಯುತ್ತಾರೆ. ಜೂನ್ ತಿಂಗಳ ಮಳೆಯೊಡನೆ ಅರಳುವ ಹೂವೆಂದು ಅದು ಅಲ್ಲಿ ಪ್ರಸಿದ್ಧ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬರ್ಗ್ 1775ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಸಸ್ಯಗಳನ್ನು ಅಭ್ಯಸಿಸಿ, 1784ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದನು. 1789ರಲ್ಲಿ ಸರ್ ಜೋಸೆಫ್ ಬ್ಯಾಂಕ್ಸ್ ಚೀನಾದಿಂದ ತರಿಸಿದ ಗಿಡವು ಲಂಡನ್ನಿನ ಕ್ಯೂ ಉದ್ಯಾನವನ್ನು ಸೇರಿತು.

ಈ ಗೊಂಚಲಿನಲ್ಲಿ ನಾವು ಎಸಳುಗಳೆಂದು ತಿಳಿಯುವ ಭಾಗಗಳು ವಾಸ್ತವವಾಗಿ ಎಸಳುಗಳಲ್ಲ. ಅವು ಬಣ್ಣ ತಳೆದ ಪುಷ್ಪಪತ್ರಗಳು. ಆದುದರಿಂದಲೇ ಹೂವು ಬೇಗನೆ ಉದುರದೆ ವಾರಗಟ್ಟಲೆ ನಿಲ್ಲುತ್ತದೆ. ಗಿಡವನ್ನು ಆರಿಸುವಾಗ ಗೊಂಚಲಿನ ಎರಡು ಬಗೆಗಳನ್ನು ಗಮನಿಸಬೇಕು. ಗೊಂಚಲೆಲ್ಲ ಅಗಲವಾದ ಹೂಗಳೇ ತುಂಬಿ ಚೆಂಡಿನಾಕಾರವಾಗಿರುವುದು ಒಂದು ಬಗೆ. ನಡುವೆ ಸಣ್ಣ ಹೂಗಳಿದ್ದು ಅಂಚಿನಲ್ಲಿ ಮಾತ್ರ ಅಗಲವಾದ ಹೂಗಳು ಬಳೆಯಂತೆ ಸುತ್ತುವರಿದಿರುವುದು ಮತ್ತೊಂದು ಬಗೆ. ಚೆಂಡಿನ ಬಗೆಯ ಗೊಂಚಲು ಬಿರುಮಳೆಯಲ್ಲಿ ನೀರಿನ ಭಾರಕ್ಕೆ ಬಾಗುತ್ತದೆಯಾದ್ದರಿಂದ ಅದಕ್ಕೆ ಊರೆಗೋಲು ಬೇಕಾದೀತು.

ಇನ್ನು ಬಣ್ಣದ ವಿಚಾರ. ನೀಲಿ ಲಿಟ್ಮಸ್ ಕಾಗದವು ಆಮ್ಲದಲ್ಲಿ ಕೆಂಪಾಗುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ಈ ಹೂವಿನ ರೀತಿ ಅದಕ್ಕೆ ವಿಪರೀತ. ಆಮ್ಲೀಯ ಮಣ್ಣಿನಲ್ಲಿ ಇದು ನೀಲಿ. ಸುಣ್ಣದ ಅಂಶವುಳ್ಳ ಕ್ಷಾರೀಯ ಮಣ್ಣಿನಲ್ಲಿ ಗುಲಾಬಿ. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಬೇರಿನ ಮೂಲಕ ಹೂವನ್ನು ಸೇರುತ್ತದೆ. ಅಲ್ಲಿನ ವರ್ಣದ್ರವ್ಯದೊಡನೆ ಅದು ಕೂಡಿದಾಗ ನೀಲಿ ಮೂಡುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಇದ್ದರೂ ಕರಗದೆ ಮಣ್ಣಿನಲ್ಲಿಯೇ ಉಳಿಯುವುದರಿಂದ ಹೂವು ಗುಲಾಬಿಯಾಗುತ್ತದೆ. ಮಣ್ಣಿನ ರಸಸಾರದ ಅಂಕ 5.5ಕ್ಕಿಂತ ಕಡಮೆಯಿದ್ದರೆ ಸಾಮಾನ್ಯವಾಗಿ ನೀಲಿ, 6.5ಕ್ಕಿಂತ ಹೆಚ್ಚಿದ್ದರೆ ಗುಲಾಬಿ, ನಡುವಣ ಮಣ್ಣಿನಲ್ಲಿ ನೇರಳೆಯ ಛಾಯೆ. ಬಿಳಿಯ ತಳಿಗಳಲ್ಲಿ ಈ ವರ್ಣದ್ರವ್ಯವಿಲ್ಲವಾದ್ದರಿಂದ ಅವು ಯಾವ ಮಣ್ಣಿನಲ್ಲಿಯೂ ನೀಲಿಯಾಗಲಾರವು.

ಮಲೆನಾಡಿನ ಕೆಮ್ಮಣ್ಣು ಧಾರಾಳವಾದ ಮಳೆಗೆ ಸುಣ್ಣದ ಅಂಶವನ್ನು ಕಳೆದುಕೊಂಡು ಆಮ್ಲೀಯವಾಗಿದೆ. ಬಯಲುಸೀಮೆಯ ಎರೆಮಣ್ಣಿನಲ್ಲಾದರೋ ಸುಣ್ಣದ ಅಂಶ ಹೆಚ್ಚು. ತಮ್ಮ ಹಿತ್ತಿಲ ಮಣ್ಣು ಎಂಥದೆಂದು ತಿಳಿಯಬಯಸುವವರು ಒಂದು ಹಿಡಿ ಒಣಮಣ್ಣಿನ ಮೇಲೆ ನಿಂಬೆಯ ರಸವನ್ನು ಹಿಂಡಿ ನೋಡಬಹುದು. ನೊರೆಯೆದ್ದರೆ ಸುಣ್ಣವಿದೆಯೆಂದು ಅರ್ಥ. ಅಂಕವನ್ನು ನಿಖರವಾಗಿ ತಿಳಿಯಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷೆ ಮಾಡಿಸುವುದು ಉತ್ತಮ. ಸುಣ್ಣದ ನೆಲದವರು ಗಿಡವನ್ನು ನೆಲದಲ್ಲಿ ನೆಟ್ಟು ಮಣ್ಣಿನೊಡನೆ ಹೋರಾಡುವುದಕ್ಕಿಂತ, ಕೆಮ್ಮಣ್ಣು, ಎಲೆಗೊಬ್ಬರ ಮತ್ತು ಸ್ವಲ್ಪ ಮರಳನ್ನು ಬೆರೆಸಿ ಅಗಲವಾದ ಕುಂಡದಲ್ಲಿ ಬೆಳೆಸುವುದು ಲೇಸು. ಗಡಸಾದ ಕೊಳವೆಬಾವಿಯ ನೀರು ಕುಂಡದ ಮಣ್ಣನ್ನು ಕ್ರಮೇಣ ಕ್ಷಾರೀಯಗೊಳಿಸುವುದರಿಂದ, ಸಾಧ್ಯವಾದಾಗಲೆಲ್ಲ ಸಂಗ್ರಹಿಸಿದ ಮಳೆಯ ನೀರನ್ನೇ ಹಾಕಬೇಕು. ಬಿರುಬೇಸಿಗೆಯ ಊರಿನವರಿಗೆ ಇಷ್ಟು ಆರೈಕೆ ಸಾಧ್ಯವಾಗದಿದ್ದರೆ ದಾಸವಾಳ, ನಂದಿಬಟ್ಟಲು, ದುಂಡುಮಲ್ಲಿಗೆಗಳನ್ನು ಆರಿಸಿಕೊಳ್ಳುವುದೇ ವಿವೇಕ.

ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳಾಗುವ ಮನೆಯ ಪೂರ್ವಭಾಗ ಈ ಗಿಡಕ್ಕೆ ಪ್ರಶಸ್ತವಾದ ಸ್ಥಳ. ಸುಣ್ಣ, ಸಿಮೆಂಟುಗಳ ಗೋಡೆಗೆ ಒತ್ತಿ ನೆಡಬಾರದು. ಗೋಡೆಯಿಂದ ಇಳಿದುಬರುವ ಸುಣ್ಣವು ಮಣ್ಣಿನ ಗುಣವನ್ನು ಬದಲಿಸುತ್ತದೆ. ಬುಡದಲ್ಲಿ ತೇವವಿರಬೇಕು, ಆದರೆ ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ನಡುಹಗಲಿನಲ್ಲಿ ಎಲೆಗಳು ಜೋತುಬಿದ್ದೊಡನೆ ಗಾಬರಿಯಿಂದ ನೀರೆರೆಯುವ ಅಗತ್ಯವಿಲ್ಲ. ಸಂಜೆಗೆ ತಾವೇ ಚೇತರಿಸಿಕೊಂಡರೆ ಅದು ಬಿಸಿಲಿನ ಬಳಲಿಕೆ. ಸಂಜೆಯೂ ಜೋತಿದ್ದು ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ಒಣಗಿದ ಎಲೆಗಳನ್ನು ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ.

ನೀಲಿಯನ್ನು ಬಯಸುವವರು ನೀರನ್ನು ತಿಳಿಗೊಳಿಸಲು ಬಳಸುವ ಪಟಿಕವನ್ನು 4 ಲೀಟರು ನೀರಿಗೆ ಸುಮಾರು 15 ಗ್ರಾಮಿನಂತೆ ಕರಗಿಸಿ, ಮೊದಲೇ ತೋಯಿಸಿದ ಮಣ್ಣಿಗೆ ಮೊಗ್ಗು ಮೂಡುವ ಮುನ್ನ ಕೆಲವು ಬಾರಿ ಹಾಕಬಹುದು. ಅತಿಯಾದರೆ ಬೇರು ಸುಡುತ್ತದೆ. ರಂಜಕಾಂಶ ಹೆಚ್ಚಿರುವ ಗೊಬ್ಬರಗಳು ಅಲ್ಯೂಮಿನಿಯಮ್ಮನ್ನು ಕಟ್ಟಿಹಾಕುವುದರಿಂದ ನೀಲಿಗೆ ಅಡ್ಡಿಯಾಗುತ್ತವೆ.

ಹೂಗಳು ಮುಗಿದೊಡನೆ ಸವರುವುದು ಮುಖ್ಯವಾದ ಕೆಲಸ. ಮುಂದಿನ ಹೂವಿನ ಮೊಗ್ಗುಗಳು ಹಿಂದಿನ ಬೆಳೆವಣಿಗೆಯ ಕೊಂಬೆಗಳ ತುದಿಯಲ್ಲಿ ಬಹಳ ಮೊದಲೇ ರೂಪುಗೊಳ್ಳುವುದರಿಂದ, ತಡಮಾಡಿ ಸವರಿದವರು ಮುಂದಿನ ಹೂಗಳನ್ನೇ ಕತ್ತರಿಸಿದಂತಾಗುತ್ತದೆ. ಮಳೆಗಾಲದಲ್ಲಿ ಹೂ ಬಿಡದ ಕೊಂಬೆಯಿಂದ ಎರಡು ಮೂರು ಗಿಣ್ಣುಗಳಿರುವ, 10ರಿಂದ 15 ಸೆಂಟಿಮೀಟರು ಉದ್ದದ ತುಂಡನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನವನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ನೆರಳಿನಲ್ಲಿ ನೆಟ್ಟರೆ ಸುಮಾರು ಒಂದು ತಿಂಗಳಲ್ಲಿ ಬೇರೊಡೆಯುತ್ತದೆ. ಎಲೆ, ಮೊಗ್ಗುಗಳಲ್ಲಿ ವಿಷಾಂಶವಿರುವುದರಿಂದ ಎಳೆಯ ಮಕ್ಕಳೂ ದನಕರುಗಳೂ ಅವನ್ನು ಬಾಯಿಗೆ ಹಾಕದಂತೆ ಎಚ್ಚರವಹಿಸಬೇಕು.

ಶಾಲೆಯ ತೋಟದಲ್ಲಿ ವಿದ್ಯಾರ್ಥಿಗಳು ಒಂದೇ ತಾಯಿಗಿಡದ ಎರಡು ತುಂಡುಗಳನ್ನು ಎರಡು ಕುಂಡಗಳಲ್ಲಿ ನೆಟ್ಟು, ಒಂದಕ್ಕೆ ಪಟಿಕದ ನೀರನ್ನೂ ಮತ್ತೊಂದಕ್ಕೆ ತುಸು ಸುಣ್ಣವನ್ನೂ ಹಾಕಿ, ಹೂ ಬಿಡುವವರೆಗೆ ದಿನಚರಿ ಬರೆದಿಡಬಹುದು. ಬಿಳಿಯ ತಳಿ ಈ ಪ್ರಯೋಗಕ್ಕೆ ಒದಗದು. ಹೂವಿಗಾಗಿ ಒಂದೆರಡು ವರ್ಷ ಕಾಯಬೇಕಾದೀತು. ಅಷ್ಟು ಕಾಲ ತಪ್ಪದೆ ನೀರೆರೆದು ಕಾದವರಿಗೆ, ಗಿಡವೊಂದೇ ಆದರೂ ಮಣ್ಣು ಅದರಿಂದ ಎರಡು ಬಣ್ಣಗಳನ್ನು ಹೇಗೆ ಹೊರಡಿಸುತ್ತದೆಂಬುದು ಕಣ್ಣಿಗೆ ಪ್ರತ್ಯಕ್ಷವಾಗುವುದು.