ಪೆನ್ ರೀಫಿಲ್‌ಗೆ ಹುಂಜದ ಗರಿ, ಮಳವಳ್ಳಿ ಮಾವನಿಗೆ ನಗು

"ಅಳೀಮಯ್ಯ, ಇದೇನ್ಲಾ ಇದು? ಪೆನ್ ರೀಫಿಲ್‌ಗೆ ಕೋಳಿ ಪುಕ್ಕ ಕಟ್ಟಿದ್ದೀಯಾ? ಇದಕ್ಕೆ ಮೀನ್ ಬತ್ತದಾ?"

ಮಳವಳ್ಳಿ ಕಡೆಯ ನಮ್ಮ ಸೋದರಮಾವ ಇಷ್ಟು ಕೇಳಿ ಜಗಲಿ ಮೇಲೆ ಕೂತು ನಗೋಕೆ ಶುರು ಮಾಡಿದರು. ನಗೋ ಹಕ್ಕು ಅವರಿಗಿದೆ ಬಿಡಿ. ಭೀಮೇಶ್ವರಿ, ಮುತ್ತತ್ತಿ ಕಡೆ ಕಾವೇರಿಯಲ್ಲಿ ವರ್ಷಗಟ್ಟಲೆ ಹರಿಗೋಲು ಹುಟ್ಟು ಹಾಕಿದವರು ಅವರು. ದೇಶ ವಿದೇಶದಿಂದ ಬಂದವರಿಗೆ ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯನ್ನು ಗಾಳಕ್ಕೆ ಸಿಕ್ಕಿಸಿ ಬಿಳಿಮೀನು ಹಿಡಿಸಿದವರು. ನಾನೋ, ಮದ್ದೂರಿನಿಂದ ಬೆಂಗಳೂರಿಗೆ ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತವನು. ರಾತ್ರಿ ನಿದ್ದೆ ಬಾರದೆ ವಿಡಿಯೋ ನೋಡಿ ಟ್ಯೂಬ್ ಫ್ಲೈ ಕಟ್ಟೋದು ಕಲಿತೆ.

ಫ್ಲೈ ಅಂದರೆ ಹುಳುವಿನ ಹಾಗೋ ಮರಿಮೀನಿನ ಹಾಗೋ ಕಾಣುವಂತೆ ಗರಿ, ಕೂದಲು ಕಟ್ಟಿ ಮಾಡಿದ ನಕಲಿ ಎರೆ. ಮಾಮೂಲಿ ಫ್ಲೈಯಲ್ಲಿ ಗಾಳದ ಮೇಲೇ ಗರಿ ಕಟ್ಟುತ್ತಾರೆ. ಟ್ಯೂಬ್ ಫ್ಲೈಯಲ್ಲಿ ಗರಿ ಕಟ್ಟೋದು ಸಣ್ಣ ಕೊಳವೆಗೆ. ದಾರ ಕೊಳವೆಯೊಳಗಿಂದ ತೂರಿ ಬಂದು ಹಿಂದೆ ಗಾಳಕ್ಕೆ ಸೇರುತ್ತೆ. 1945ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪ್ಲೇಫೇರ್ ಅನ್ನೋ ಅಂಗಡಿಗೆ ಫ್ಲೈ ಕಟ್ಟುತ್ತಿದ್ದ ಒಬ್ಬ ಹೆಂಗಸು ಟರ್ಕಿ ಕೋಳಿ ಗರಿಯ ಟೊಳ್ಳು ದಂಟಿನಲ್ಲಿ ಇದನ್ನು ಶುರು ಮಾಡಿದರಂತೆ. ಈಗ ಅಮೆರಿಕ, ಕೆನಡಾದ ಪಶ್ಚಿಮ ಕರಾವಳಿಯ ನದಿಗಳಲ್ಲಿ ಸ್ಟೀಲ್‌ಹೆಡ್ ಹಿಡಿಯೋರಿಗೆ ಇದು ಅಚ್ಚುಮೆಚ್ಚು. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ದಪ್ಪಗಾಗಿ ಹೊಳೆಗೆ ವಾಪಸ್ ಬರುವ ರೇನ್‌ಬೋ ಟ್ರೌಟ್. ಬ್ರಿಟಿಷರು ಊಟಿ ಹತ್ತಿರದ ಹೊಳೆಗಳಿಗೆ ತಂದು ಬಿಟ್ಟದ್ದೂ ಇದೇ ಜಾತಿ.

ಕೊಳವೆ ಯಾಕೆ? ಉದ್ದ ಗಾಳ ಮೀನಿನ ಬಾಯಲ್ಲಿ ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತೆ, ಮೀನು ತಲೆ ಒದರಿದರೆ ಕಿತ್ತು ಬರುತ್ತೆ. ಇಲ್ಲಿ ಗಾಳ ಚಿಕ್ಕದು. ಮೀನು ಕಚ್ಚಿದ ತಕ್ಷಣ ಕೊಳವೆ ದಾರದ ಮೇಲೆ ಮೇಲಕ್ಕೆ ಜಾರುತ್ತೆ, ಗರಿ ಹಾಳಾಗಲ್ಲ. ಗಾಳ ಮೊಂಡಾದರೆ ಅದನ್ನಷ್ಟೇ ಬದಲಾಯಿಸಿದರಾಯಿತು.

ನನ್ನ ಸಾಮಾನೆಲ್ಲ ಊರಿನದೇ. ಖಾಲಿ ರೀಫಿಲ್ ತೊಳೆದು ಒಂದೂವರೆ ಇಂಚು ಕತ್ತರಿಸಿ, ತುದಿಗೆ ಲೈಟರ್ ತೋರಿಸಿದರೆ ಸಣ್ಣ ಅಂಚು ಏಳುತ್ತೆ, ದಾರ ಜಾರಲ್ಲ. ಜಾಸ್ತಿ ತೋರಿಸಿದರೆ ತೂತೇ ಮುಚ್ಚಿಹೋಗುತ್ತೆ, ನಾನು ಹಾಳು ಮಾಡಿದ ಮೊದಲ ಆರೂ ಹಾಗೇ ಹೋದವು. ಅದನ್ನು ಗೋಣಿ ಹೊಲಿಯೋ ದಬ್ಬಳಕ್ಕೆ ಬಿಗಿಯಾಗಿ ತೂರಿಸಿ, ದಬ್ಬಳವನ್ನು ಇಕ್ಕಳದಲ್ಲಿ ಭದ್ರ ಮಾಡಬೇಕು. ಹಳೇ ಸೀರೆಯ ಜರಿ ಮೈಗೆ ಸುತ್ತೋಕೆ, ಮೇಕೆ ಬಾಲದ ಕೂದಲು ರೆಕ್ಕೆಗೆ, ನಾಟಿ ಹುಂಜದ ಕತ್ತಿನ ಗರಿ ಕೊರಳಿಗೆ. ಕೂದಲು ಕೇಳೋಕೆ ಹೋದಾಗ ಮಟನ್ ಅಂಗಡಿಯವನು, "ಬಂಡೂರು ಕುರಿ ತಗೊಳೋರನ್ನ ನೋಡಿದ್ದೀನಿ, ಬಾಲದ ಕೂದಲು ಕೇಳೋರನ್ನ ಇವತ್ತೇ ನೋಡಿದ್ದು" ಅಂದ. ಮುಂದಿನ ತುದಿಯಲ್ಲಿ ತಲೆ ಗಂಟಿಗೆ ಜಾಗ ಬಿಡೋದು ಮರೀಬೇಡಿ. ಕೊನೆಗೆ ಅಕ್ಕನ ನೇಲ್ ಪಾಲಿಶ್ ಒಂದು ಹನಿ. ಹಿಂದೆ ಗಾಳ ನೆಟ್ಟಗೆ ನಿಲ್ಲೋಕೆ ಸೈಕಲ್ ವಾಲ್‌ಟ್ಯೂಬಿನ ಚೂರು.

ಮೊದಲನೆಯದು ಚೆನ್ನಾಗಿ ಬಂದಾಗ, "ಮಾವ, ಇದನ್ನ ಭೀಮೇಶ್ವರಿ ಮಡುವಿಗೆ ಹಾಕಬೇಕು" ಅಂದುಬಿಟ್ಟೆ. ಮಾವನ ನಗು ನಿಂತಿತು.

ಆ ನೀರು ಕಾವೇರಿ ವನ್ಯಜೀವಿಧಾಮದ್ದು. ಹಿಡಿದು ಬಿಡೋ ಗಾಳದ ಆಟವೂ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಅಂತಾಗಿ, 2010ರ ದಶಕದ ಶುರುವಿನಲ್ಲಿ ಅಲ್ಲಿನ ಕ್ಯಾಂಪ್‌ಗಳಲ್ಲಿ ಮೀನು ಹಿಡಿಯೋದು ನಿಂತಿತು. ಅದರ ಜೊತೆ ಮಾವನ ಕೆಲಸವೂ. "ನಾವು ರಾತ್ರಿ ಎಲ್ಲಾ ಹೊಳೆ ಕಾಯ್ತಿದ್ದೋ ಕಣ್ಲಾ. ತೋಟೆ ಹಾಕೋರು ಬಂದ್ರೆ ಓಡುಸ್ತಿದ್ದೋ. ಈಗ ಯಾರು ಕಾಯ್ತರೆ?" ಅಂದರು.

ಆ ಮೀನಿನ ಕಥೆ ಸಣ್ಣದಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ ತೂಗಿತ್ತು. ಬೆನ್ನು ಗೂನಾದ, ಕಿತ್ತಳೆ ಬಾಲದ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳದ್ದು ಮಾತ್ರ. ಆದರೂ ಇದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ: ಟಾರ್ ರೆಮಾದೇವಿ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಮೊದಲೇ ಇಟ್ಟಿದ್ದ ಹೆಸರು, ಇದೂ ಅದೇ ಅಂತ ಆಗ ಗೊತ್ತಾಯಿತು. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು, ತೋಟೆ ಎಲ್ಲ ಒಂದು ಕಡೆ. ಇನ್ನೊಂದು ಕಡೆ, ಒಳ್ಳೇ ಉದ್ದೇಶದಿಂದಲೇ ಲೋಣಾವಳದ ಹ್ಯಾಚರಿಯ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿ, ಮನೆಯ ಮಗನ ಜಾಗ ಹಿಡಿದಿದೆ.

ನನಗನ್ನಿಸೋದು, ಆ ಮೀನಿಗೆ ಈಗ ನನ್ನ ಗಾಳವೂ ಬೇಡ. ಆದರೆ ಹೊಳೆಯ ಒಂದೊಂದು ಬಂಡೆ ಗೊತ್ತಿದ್ದವರನ್ನು ಕಾವಲಿಗೆ ಉಳಿಸಿಕೊಳ್ಳದೆ ಮನೆಗೆ ಕಳಿಸಿದ್ದು ಜಾಣತನ ಅಲ್ಲ. ಮಾವ ಈಗ ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಾರೆ.

ಮಧ್ಯಾಹ್ನ ಇಬ್ಬರೂ ಊರ ಕೆರೆಗೆ ಹೋದೆವು. ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿಯೇ ಹೋಗಿದ್ದು, ನೀವೂ ಕೇಳದೆ ಹಾಕಬೇಡಿ. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿದ್ದೆ, ಬಿಡೋಕೆ ಸುಲಭ. ಒಂದು ಗಂಟೆ ಜೊಂಡಿಗೇ ಸಿಕ್ಕಿಕೊಂಡಿತು. ಮಾವ ಬೀಡಿ ಸೇದುತ್ತಾ, "ಅಲ್ಲಲ್ಲ, ತಾವರೆ ಎಲೆ ಪಕ್ಕಕ್ಕೆ ಆಕು, ನಿಧಾನಕ್ಕೆ ಎಳಿ" ಅಂದರು. ಎಳೆದೆ. ನೀರು ಒಡೆದುಕೊಂಡು ಬಂತು ಕುಚ್ಚು ಮೀನು, ಮೊಣಕೈ ಉದ್ದದ್ದು. ದಡಕ್ಕೆ ತರುವಾಗ ನೋಡಿದರೆ ರೀಫಿಲ್ ದಾರದ ಮೇಲೆ ಒಂದು ಗೇಣು ಮೇಲಕ್ಕೆ ಜಾರಿತ್ತು, ಹುಂಜದ ಗರಿ ಒಂದೂ ಮುರಿದಿರಲಿಲ್ಲ.

ಕುಚ್ಚು ಮೀನನ್ನು ಬಿಟ್ಟಾಗ ಮಾವನಿಗೆ ಹೊಟ್ಟೆ ಉರಿದದ್ದು ನಿಜ, ಅತ್ತೆ ಮಸಾಲೆ ಅರೆದಿಟ್ಟಿದ್ದರು. ಸಂಜೆ ನಾನು ಬಸ್ಸಿಗೆ ಹೊರಟಾಗ ಡಬ್ಬಿ ತೆಗೆದು ಎಣಿಸಿದೆ. ಎಂಟು ಇರಬೇಕಿತ್ತು, ಏಳಿತ್ತು. ಮಾವನ ಅಂಗಿ ಜೇಬಿನಿಂದ ಜರಿ ಮಿನುಗುತ್ತಿತ್ತು.

"ಅದ್ಯಾಕ್ಲಾ ಅಂಗ್ ನೋಡ್ತೀಯಾ?" ಅಂದರು. "ಮುಂದಿನ ವಾರ ಬರುವಾಗ ಖಾಲಿ ರೀಫಿಲ್ ಒಂದಷ್ಟು ತಕಂಬಾ."