ಹಟ್ಟಿಯ ಅಂಚಿನ ನರಿ: ನಾಯಿ, ಕೋಳಿ, ಮಕ್ಕಳ ರಕ್ಷಣೆ ಹೇಗೆ?



ಯಾರಿಗಾದರೂ ನೆನೆಯದ ಲಾಭ ಬಂದರೆ ‘ಇವತ್ತು ನರಿಯ ಮುಖ ನೋಡಿ ಎದ್ದಿರಬೇಕು’ ಎನ್ನುವುದು ನಮ್ಮ ಕಡೆಯ ವಾಡಿಕೆ. ಅದೇ ನರಿ ರಾತ್ರಿ ಕೋಳಿಗೂಡಿಗೆ ನುಗ್ಗಿದ್ದರೆ ಬೆಳಿಗ್ಗೆ ಮನೆಯಾಕೆ ಹಾಕುವ ಶಾಪಕ್ಕೆ ಮಿತಿಯೇ ಇರುವುದಿಲ್ಲ. ಒಂದೇ ಪ್ರಾಣಿಗೆ ಎರಡು ಬಗೆಯ ಮರ್ಯಾದೆ. ಈ ಎರಡನ್ನೂ ಬದಿಗಿಟ್ಟು, ನರಿಯಿಂದ ನಮಗೆ ನಿಜವಾಗಿ ಆಗುವ ಪ್ರಯೋಜನವೇನು, ಅಪಾಯವೇನು, ಅಪಾಯವನ್ನು ತಪ್ಪಿಸಿಕೊಳ್ಳುವ ದಾರಿ ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಡೆದ ಒಂದು ಸಂಗತಿ

ಕಳೆದ ವರ್ಷ ನನ್ನ ವಲಯದ ಒಂದು ಹಳ್ಳಿಯಲ್ಲಿ ರೈತರೊಬ್ಬರ ನಾಯಿ ತಿಪ್ಪೆಯ ಹತ್ತಿರ ನರಿಯೊಂದಿಗೆ ಕಚ್ಚಾಡಿತು. ನಾಯಿಯ ಮೂತಿಗೆ ಗಾಯವಾಯಿತು. ಮನೆಯವರು ಅರಿಸಿನ ಹಚ್ಚಿ ಸುಮ್ಮನಾದರು. ಮರುದಿನ ಕಡಲೆಕಾಯಿ ಬೀಜೋಪಚಾರ ತೋರಿಸಲು ಹೋಗಿದ್ದ ನನ್ನ ಕಣ್ಣಿಗೂ ಆ ಗಾಯ ಬಿತ್ತು. “ನಾಯಿಗೆ ಚುಚ್ಚುಮದ್ದು ಹಾಕಿಸಿದ್ದೀರಾ, ಯಜಮಾನರೇ?” ಎಂದು ಕೇಳಿದೆ. “ಹಾಕಿಸೋಣ ಬಿಡಿ ಸ್ವಾಮಿ, ಬಿತ್ತನೆ ಮುಗೀಲಿ” ಎಂದರು. ನಾನೂ ಒತ್ತಾಯ ಮಾಡದೆ ಮುಂದಿನ ಹೊಲಕ್ಕೆ ನಡೆದೆ.

ಸುಮಾರು ಒಂದೂವರೆ ತಿಂಗಳ ಮೇಲೆ ಆ ನಾಯಿ ಅನ್ನ ನೀರು ಬಿಟ್ಟಿತು, ಜೊಲ್ಲು ಸುರಿಸಿತು, ಕಟ್ಟಿದ್ದ ಕರುವನ್ನು ಕಚ್ಚಿ, ನಾಲ್ಕು ದಿನದೊಳಗೆ ಸತ್ತಿತು. ಅದಕ್ಕೆ ಮೊದಲು ಮನೆಯ ಹುಡುಗನ ಕೈಯ ಗಾಯವನ್ನು ಅದು ನೆಕ್ಕಿತ್ತು ಎಂಬ ಮಾತು ಆಮೇಲೆ ಹೊರಬಿತ್ತು. ಅಂದೇ ಹುಡುಗನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿದುದರಿಂದ ಅವನು ಇಂದು ಚೆನ್ನಾಗಿದ್ದಾನೆ. ಕರು ಉಳಿಯಲಿಲ್ಲ. ಅಂದು ನಾನು ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಆ ಮನೆಯವರು ಅಷ್ಟು ದಿನ ಊಟ ನಿದ್ದೆ ಬಿಟ್ಟು ಕೂರಬೇಕಾಗಿರಲಿಲ್ಲ. ಆದುದರಿಂದ ಅಂದು ಬಿಟ್ಟ ಮಾತನ್ನು ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ.

ನರಿಗಳಲ್ಲಿ ಎರಡು ಬಗೆ

ನಮ್ಮ ಬಯಲುಸೀಮೆಯಲ್ಲಿ ಎರಡು ಪ್ರಾಣಿಗಳನ್ನು ಜನರು ನರಿಯೆಂದೇ ಕರೆಯುತ್ತಾರೆ. ಮೊದಲನೆಯದು ಸಂಜೆ ಊಳಿಡುವ ದೊಡ್ಡ ನರಿ. ಅನೇಕರು ಇದನ್ನು ಗುಳ್ಳೆನರಿ ಎನ್ನುತ್ತಾರೆ. ತೂಕ ಸುಮಾರು 8ರಿಂದ 11 ಕಿಲೋ. ಕಬ್ಬಿನ ಗದ್ದೆ, ಹಳ್ಳದ ಪೊದೆ ಇದರ ವಾಸ. ಎರಡನೆಯದು ಬಯಲಿನ ಸಣ್ಣ ನರಿ. ತೂಕ 2ರಿಂದ 4 ಕಿಲೋ ಮಾತ್ರ. ಕಾಲು ಸಣ್ಣ, ಕಿವಿ ದೊಡ್ಡದು, ಪೊದೆಯಂಥ ಬಾಲದ ತುದಿ ಕಪ್ಪು. ಇದು ಗೋಮಾಳದಲ್ಲಿ ಹಲವು ಬಾಯಿಗಳುಳ್ಳ ಬಿಲ ತೋಡಿ ಮರಿಮಾಡುತ್ತದೆ.

ಎರಡಕ್ಕೂ ಇಲಿ ಬಲು ಪ್ರಿಯ. ಸಣ್ಣ ನರಿ ಇಲಿಯ ಜೊತೆಗೆ ಗೆದ್ದಲು, ಮಿಡತೆ, ಜೀರುಂಡೆ, ಬಾರೆಹಣ್ಣುಗಳನ್ನೂ ತಿನ್ನುತ್ತದೆ. ಕಡಲೆಕಾಯಿ ಹೊಲದ ಬದುವಿನಲ್ಲಿ ಇಲಿ ಎಷ್ಟು ನಷ್ಟ ಮಾಡುತ್ತದೆಂಬುದು ತಮಗೆ ಗೊತ್ತೇ ಇದೆ. ಆ ಇಲಿಯನ್ನು ರಾತ್ರಿಯೆಲ್ಲ ಕೂಲಿಯಿಲ್ಲದೆ ಹಿಡಿಯುವ ಆಳು ಈ ನರಿ. ದೊಡ್ಡ ನರಿ ಸತ್ತ ಪ್ರಾಣಿಯನ್ನು ತಿಂದು ಊರಿನ ಹೊರವಲಯವನ್ನೂ ಚೊಕ್ಕಟ ಮಾಡುತ್ತದೆ. ಕಬ್ಬು, ಮುಸುಕಿನ ಜೋಳ, ಕಲ್ಲಂಗಡಿಗಳಿಗೆ ಬಾಯಿ ಹಾಕುವುದೂ, ಈಗತಾನೆ ಹುಟ್ಟಿದ ಮೇಕೆಮರಿಯನ್ನು ಹೊತ್ತೊಯ್ಯುವುದೂ ಉಂಟು.

ಪಟ್ಟಣದಲ್ಲಿಯೂ ನರಿ

ನರಿ ಮನುಷ್ಯರ ನಡುವೆ ಬಾಳುವುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಲಂಡನ್, ಬ್ರಿಸ್ಟಲ್ ನಗರಗಳಲ್ಲಿ ಕೆಂಪು ನರಿಗಳು ಮನೆಗಳ ಹಿತ್ತಿಲಲ್ಲಿಯೇ ಮರಿಮಾಡುತ್ತವೆ. ಅಲ್ಲಿ ಬೆಳೆದ ಬೆಕ್ಕೂ ನರಿಯೂ ಎದುರಾದರೆ ಬಹುಮಟ್ಟಿಗೆ ಒಂದನ್ನೊಂದು ತಪ್ಪಿಸಿಕೊಂಡು ಹೋಗುತ್ತವೆ. ಭದ್ರವಿಲ್ಲದ ಗೂಡಿನ ಕೋಳಿ, ಮೊಲ, ಸಣ್ಣ ಮರಿಗಳೇ ನರಿಯ ಪಾಲಾಗುವುದು. ನಮ್ಮ ಹಳ್ಳಿಗೂ ಈ ಮಾತು ಸಲ್ಲುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಇಂಗ್ಲೆಂಡಿನ ನರಿಗಳಲ್ಲಿ ಹುಚ್ಚುರೋಗವಿಲ್ಲ. ನಮ್ಮ ದೇಶದಲ್ಲಿ ಇದೆ. ಇದನ್ನು ರೇಬೀಸ್ ಎಂದೂ ಕರೆಯುತ್ತಾರೆ. ಆದುದರಿಂದ ನಮ್ಮಲ್ಲಿ ನರಿಯ ವಿಷಯ ಕೋಳಿಯ ನಷ್ಟಕ್ಕೆ ಮುಗಿಯುವುದಿಲ್ಲ.

ರೋಗ ಹೇಗೆ ಹರಡುತ್ತದೆ?

ಹುಚ್ಚುರೋಗದ ವಿಷಾಣು ರೋಗಿ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದಾಗ, ಅಥವಾ ಗಾಯವಾದ ಚರ್ಮವನ್ನು ನೆಕ್ಕಿದಾಗ ಒಳಸೇರಿ, ನರಗಳ ಮೂಲಕ ಮೆಲ್ಲನೆ ಮಿದುಳಿಗೆ ಏರುತ್ತದೆ. ಲಕ್ಷಣ ಕಾಣಿಸಲು ವಾರಗಳೋ ತಿಂಗಳುಗಳೋ ಹಿಡಿಯಬಹುದು. ಲಕ್ಷಣ ಕಾಣಿಸಿದ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದಿಲ್ಲವೆಂದೇ ತಿಳಿಯಬೇಕು. ಲಕ್ಷಣಕ್ಕೆ ಮುಂಚಿನ ಈ ಕಾಲವೇ ನಮ್ಮ ಕೈಯಲ್ಲಿರುವ ಅವಕಾಶ.

ಮನುಷ್ಯರಿಗೆ ಈ ರೋಗ ತಗಲುವುದು ನೂರಕ್ಕೆ 99ರಷ್ಟು ನಾಯಿಯಿಂದ. ನರಿ ನೇರವಾಗಿ ಮನುಷ್ಯನನ್ನು ಕಚ್ಚುವುದು ಅಪರೂಪ. ಆದರೆ ರಾತ್ರಿ ಊರಂಚಿನಲ್ಲಿ ನರಿಯೊಂದಿಗೆ ಕಚ್ಚಾಡುವುದು ನಮ್ಮ ನಾಯಿ. ಬೆಳಿಗ್ಗೆ ಮಕ್ಕಳ ಜೊತೆ ಆಡುವುದೂ ಅದೇ ನಾಯಿ. ನರಿಗೂ ನಮ್ಮ ಮನೆಗೂ ನಡುವೆ ನಾಯಿಯೇ ಸೇತುವೆ. ಸೇತುವೆಯನ್ನು ಭದ್ರಪಡಿಸಿದರೆ ಮನೆಯೇ ಭದ್ರ.

ನಾಯಿಯಿಂದ ನರಿಗೂ ರೋಗ ಹೋಗುತ್ತದೆ. ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಪ್ರದೇಶದಲ್ಲಿ ತಜ್ಞರು ಹಳ್ಳಿಯ ನಾಯಿಗಳ ರಕ್ತ ಪರೀಕ್ಷಿಸಿದಾಗ, ಡಿಸ್ಟೆಂಪರ್, ಪಾರ್ವೋ ಎಂಬ ಕೊಲ್ಲುವ ಜಾಡ್ಯಗಳು ತಗಲಿದ್ದ ಗುರುತು ಬಹಳ ನಾಯಿಗಳಲ್ಲಿ ಸಿಕ್ಕಿತು. ಇಲಿ ಹಿಡಿಯುವ ಸಣ್ಣ ನರಿಗಳಿಗೂ ಇವು ಅಂಟುತ್ತವೆ.

ನರಿಯನ್ನು ಕೊಂದರೆ ಆಗದೇ?

ಆಗದು. ಯೂರೋಪಿನಲ್ಲಿ ನರಿಗಳ ಹುಚ್ಚುರೋಗವನ್ನು ತಡೆಯಲು ಬಹುಕಾಲ ನರಿಗಳನ್ನು ಕೊಂದು ನೋಡಿದರು, ರೋಗ ನಿಲ್ಲಲಿಲ್ಲ. 1978ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತಿಂಡಿಯೊಳಗೆ ಲಸಿಕೆಯಿಟ್ಟು ಕಾಡಿನಲ್ಲಿ ಹರಡುವ ಪ್ರಯೋಗ ಮೊದಲಾಯಿತು. ಈ ವಿಧಾನದಿಂದಲೇ ಪಶ್ಚಿಮ ಯೂರೋಪಿನ ನರಿಗಳಲ್ಲಿ ರೋಗ ಅಳಿಯಿತು. ಕೊಂದ ನರಿಯ ಜಾಗಕ್ಕೆ ಬೇರೊಂದು ನರಿ ಬರುತ್ತದೆಯೇ ಹೊರತು ಜಾಗ ಬರಿದಾಗಿ ಉಳಿಯುವುದಿಲ್ಲ.

ಮೇಲಾಗಿ, ವಿಷವಿಟ್ಟ ಮಾಂಸವನ್ನು ನಮ್ಮ ನಾಯಿಯೇ ಮೊದಲು ತಿನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನರಿಯನ್ನು ಕೊಲ್ಲುವುದೂ ಹಿಡಿಯುವುದೂ ಅಪರಾಧ. ಸಂಕ್ರಾಂತಿಯ ದಿನ ನರಿಯ ಮುಖ ನೋಡಿದರೆ ಶುಭವೆಂದು ಬಲೆ ಹಾಕಿ ಹಿಡಿದು ಮೆರವಣಿಗೆ ಮಾಡುವುದು ಕೆಲವು ಊರುಗಳಲ್ಲಿ ಕಂಡುಬಂದದ್ದುಂಟು. ಹೆದರಿದ ನರಿ ಕಚ್ಚದೆ ಬಿಡುವುದಿಲ್ಲ. ಶುಭ ನೋಡಲು ಹೋಗಿ ಆಸ್ಪತ್ರೆ ನೋಡಬೇಕಾದೀತು. ನರಿಕೊಂಬು ಎಂದು ಮಾರುವ ವಸ್ತುವಿಗೂ ಮರುಳಾಗಬೇಡಿ. ನರಿಗೆ ಕೊಂಬಿಲ್ಲ.

ಮಾಡತಕ್ಕ ಕೆಲಸಗಳು

1. ನಾಯಿಗೆ ಚುಚ್ಚುಮದ್ದು: ಮರಿಗೆ ಮೂರು ತಿಂಗಳಾದಾಗ ಮೊದಲ ಸಲ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಹುಚ್ಚುರೋಗದ ಚುಚ್ಚುಮದ್ದು ಹಾಕಿಸಿ. ಬೆಕ್ಕಿಗೂ ಹಾಕಿಸಬಹುದು. ದಿನ ನೆನಪಿರಬೇಕಾದರೆ ಸೆಪ್ಟೆಂಬರ್ 28ನ್ನು ಗುರುತಿಟ್ಟುಕೊಳ್ಳಿ. ಈ ಲಸಿಕೆಯನ್ನು 1885ರಲ್ಲಿ ಮೊದಲು ಮನುಷ್ಯನಿಗೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. ಈಗ ವಿಶ್ವ ರೇಬೀಸ್ ದಿನ.

2. ರಾತ್ರಿ ಕಾವಲು: ಕತ್ತಲಾದ ಮೇಲೆ ನಾಯಿಯನ್ನು ಮನೆಯ ಹತ್ತಿರವೇ ಇಟ್ಟುಕೊಳ್ಳಿ. ಸಣ್ಣ ನಾಯಿಮರಿ, ಬೆಕ್ಕಿನ ಮರಿ, ಮೇಕೆಮರಿಗಳನ್ನು ಒಳಗೆ ಕೂಡಿರಿ.

3. ಕೋಳಿಗೂಡು: ಮಂಕರಿ ಬೋರಲು ಹಾಕಿ ಮೇಲೆ ಕಲ್ಲಿಟ್ಟರೆ ಸಾಲದು; ನರಿ ಅದನ್ನು ಉರುಳಿಸುತ್ತದೆ. ಗೂಡಿಗೆ ಕಲ್ಲುಚಪ್ಪಡಿಯ ನೆಲವಿರಲಿ, ಇಲ್ಲವೆ ತಂತಿಬಲೆಯನ್ನು ಸುತ್ತಲೂ ಒಂದು ಅಡಿ ಆಳಕ್ಕೆ ಹೂಳಿ. ಬಾಗಿಲಿಗೆ ಚಿಲಕ ಹಾಕಿ. ಒಳಹೊಕ್ಕ ನರಿ ಒಂದು ಕೋಳಿಗೆ ತೃಪ್ತಿಪಡದೆ ಸಿಕ್ಕಿದಷ್ಟನ್ನೂ ಕೊಲ್ಲುವುದುಂಟು.

4. ಚೊಕ್ಕಟತನ: ಸತ್ತ ಕೋಳಿ, ಹಸು ಕರುಹಾಕಿದಾಗಿನ ಮಾಸು, ಮಾಂಸದ ಚೂರುಗಳನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ. ಊಟದ ವಾಸನೆಯಿದ್ದಲ್ಲಿಗೆ ನರಿಯೂ ಬೀಡಾಡಿ ನಾಯಿಯೂ ಬಂದು ಸೇರುತ್ತವೆ.

5. ಹಸುವಿನ ಬಾಯಿಗೆ ಕೈ ಹಾಕಬೇಡಿ: ಹಸು ಎತ್ತು ಜೊಲ್ಲು ಸುರಿಸಿ, ದನಿಗೆಟ್ಟು ಕೂಗಿ, ನುಂಗಲಾರದೆ ಒದ್ದಾಡಿದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈಹಾಕುವುದು ನಮ್ಮ ರೂಢಿ. ಹುಚ್ಚುರೋಗದಲ್ಲಿಯೂ ಇದೇ ಲಕ್ಷಣ. ಮೊದಲು ಪಶುವೈದ್ಯರನ್ನು ಕರೆಸಿ. ಅಂಥ ಹಸುವಿನ ಹಾಲನ್ನು ಬಳಸಬೇಡಿ.

ಕಚ್ಚಿದರೆ ತಕ್ಷಣ ಏನು ಮಾಡಬೇಕು?

ನರಿಯೇ ಕಚ್ಚಲಿ, ನಾಯಿಯೇ ಕಚ್ಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಚೆನ್ನಾಗಿ ತೊಳೆಯಿರಿ. ಸಾಬೂನು ಈ ವಿಷಾಣುವನ್ನು ನಾಶಮಾಡುತ್ತದೆ. ಸುಣ್ಣ, ಮೆಣಸಿನಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಹೆದರಿಕೆ ಇನ್ನೂ ಅನೇಕರಲ್ಲಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ: ಮೊದಲ ದಿನ, ಅಲ್ಲಿಂದ 3, 7, 28ನೆಯ ದಿನ, ವಿಧಾನಕ್ಕೆ ತಕ್ಕಂತೆ 14ನೆಯ ದಿನವೂ ಉಂಟು. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಹಾಕುವ ಬೇರೆ ಔಷಧವಿದೆ. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬಾರದು. ನಾಯಿಗೋ ಹಸುವಿಗೋ ಕಚ್ಚಿದ್ದರೆ ಹೀಗೆಯೇ ತೊಳೆದು, ಜೊಲ್ಲು ಕೈಗೆ ತಾಗದಂತೆ ನೋಡಿಕೊಂಡು, ಪಶುವೈದ್ಯರಲ್ಲಿಗೆ ಹೋಗಿ.

ಹಗಲಿನಲ್ಲಿ ಕಂಡ ನರಿಯೆಲ್ಲ ಹುಚ್ಚುನರಿಯಲ್ಲ. ಜನರ ನಡುವೆ ಹೆದರಿಕೆಯಿಲ್ಲದೆ ನುಗ್ಗಿ, ಎದುರಿಗೆ ಬಂದದ್ದನ್ನೆಲ್ಲ ಕಚ್ಚುವ ನರಿಯ ಬಗ್ಗೆ ಎಚ್ಚರವಿರಲಿ. ಮಕ್ಕಳನ್ನು ಒಳಗೆ ಕರೆದು ಅರಣ್ಯ ಇಲಾಖೆಯವರಿಗೆ ತಿಳಿಸಿ.

ನರಿ ಹೊಲದಲ್ಲಿರಲಿ, ಕೋಳಿ ಗೂಡಿನಲ್ಲಿರಲಿ, ಚುಚ್ಚುಮದ್ದು ಹಾಕಿಸಿಕೊಂಡ ನಾಯಿ ಬಾಗಿಲಲ್ಲಿರಲಿ. ಈ ಮೂರೂ ತಮ್ಮ ತಮ್ಮ ಜಾಗದಲ್ಲಿದ್ದರೆ ಯಾರಿಗೂ ಕೇಡಿಲ್ಲ. ಬಿತ್ತನೆ ಮುಗಿಯುವವರೆಗೆ ಕಾಯದೆ, ಈ ವಾರವೇ ನಿಮ್ಮ ನಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಊರಿನ ಹತ್ತು ಮನೆಯವರು ಕೂಡಿ ಕೇಳಿಕೊಂಡರೆ ವೈದ್ಯರನ್ನು ನಿಮ್ಮ ಊರಿಗೇ ಕರೆತರಲು ನಾನು ಪ್ರಯತ್ನಿಸುತ್ತೇನೆ.

ನಿಮ್ಮ ಗ್ರಾಮಸೇವಕ