ಬೆಳಕಿನ ದಾರಿಯಲ್ಲಿ ಪಕ್ಷಪಾತ

ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಕುಲುಕಿದರೆ ಅದರಲ್ಲಿ ಅಲೆಗಳು ಏಳುತ್ತವೆ. ಕೈಯನ್ನು ಮೇಲೆ ಕೆಳಗೆ ಆಡಿಸಿದರೆ ಒಂದು ಬಗೆಯ ಅಲೆ, ಎಡಬಲಕ್ಕೆ ಆಡಿಸಿದರೆ ಮತ್ತೊಂದು, ಸುತ್ತಿಸಿದರೆ ಸುರುಳಿಯಂತಹುದು. ಬೆಳಕೂ ಇಂತಹ ಅಡ್ಡ ಅಲೆಯೇ. ಅದರ ಕಂಪನವು ಹೀಗೆ ಒಂದು ಕ್ರಮಕ್ಕೆ ಒಳಪಡುವುದನ್ನು ಧ್ರುವೀಕರಣವೆಂದು ಕರೆಯುತ್ತಾರೆ. ನಮ್ಮ ಕಣ್ಣು ಈ ಭೇದವನ್ನು ಗುರುತಿಸುವುದಿಲ್ಲ ಎಂದೇ ಹೇಳಬಹುದು.

ಆದರೆ ದೂರದ ಊರುಗಳ ಮಾತನ್ನು ಬೆಳಕಿನ ರೂಪದಲ್ಲಿ ಹೊತ್ತೊಯ್ಯುವ ಗಾಜಿನ ತಂತುಗಳ ಮಾರ್ಗದಲ್ಲಿ ಈ ಭೇದವನ್ನು ಕಡೆಗಣಿಸುವಂತಿಲ್ಲ. ಆ ಮಾರ್ಗದಲ್ಲಿ ಬೆಳಕನ್ನು ಕವಲೊಡೆಸುವ, ಹಿಂದಿರುಗದಂತೆ ತಡೆಯುವ, ವರ್ಧಿಸುವ ಹಲವು ಉಪಕರಣಗಳಿರುತ್ತವೆ. ಇವು ಎಲ್ಲ ಕಂಪನಗಳನ್ನೂ ಸಮನಾಗಿ ಕಾಣುವುದಿಲ್ಲ. ಅತಿ ಹೆಚ್ಚಾಗಿ ಹಾದುಹೋಗುವ ಕಂಪನದ ಬೆಳಕು 100 ಪಾಲಿದ್ದರೆ, ಅತಿ ಕಡಿಮೆ ಹಾದುಹೋಗುವ ಕಂಪನದ್ದು ಸುಮಾರು 97.7 ಪಾಲಿರಬಹುದು. ಈ ಪಕ್ಷಪಾತವನ್ನು 0.1 ಡೆಸಿಬೆಲ್ ಎಂದು ಗಣಿಸುತ್ತಾರೆ. ಒಂದು ಉಪಕರಣದಲ್ಲಿ ಇದು ಅಲ್ಪವೇ ಸರಿ. ಆದರೆ ಸಾಗರದಡಿಯ ಮಾರ್ಗದಲ್ಲಿ ಇಂತಹ ಅನೇಕ ಉಪಕರಣಗಳು ಸಾಲಾಗಿರುತ್ತವೆ. ತಂತುವಿನ ಬಾಗು ಮತ್ತು ಶಾಖ ಬದಲಾದಂತೆಲ್ಲ ಧ್ರುವೀಕರಣವೂ ಬದಲಾಗುತ್ತದೆ. ಈಗ ಸ್ಪಷ್ಟವಾಗಿದ್ದ ಸಂದೇಶ ಮರುಗಳಿಗೆಯಲ್ಲಿ ಕ್ಷೀಣಿಸಬಹುದು. ಕಡಲ ತಳಕ್ಕೆ ಇಳಿಸಿದುದನ್ನು ಮೇಲೆತ್ತಿ ಸರಿಪಡಿಸುವುದು ಸುಲಭವಲ್ಲ. ಆದುದರಿಂದ ಇಳಿಸುವ ಮೊದಲೇ ಅಳೆಯಬೇಕು.

ಅಳೆಯುವುದು ಹೇಗೆ? ಧ್ರುವೀಕರಣದ ಬಗೆಗಳು ಅಸಂಖ್ಯ. ಅವೆಲ್ಲವನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ತೋರಿಸಬಹುದೆಂದು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ 1892ರಲ್ಲಿ ತಿಳಿಸಿದನು. (1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22 ವರ್ಷದ ತರುಣ ಪಂಚರತ್ನಂ ಅವರು ಈ ಗೋಳವನ್ನೇ ಆಧರಿಸಿ ಬೆಳಕಿನ ಅಲೆಗಳ ಬಗೆಗೆ ಮಹತ್ತ್ವದ ಸತ್ಯವೊಂದನ್ನು ಕಂಡುಕೊಂಡರು.) ಗೋಳದ ಬಿಂದುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಕೆಲಸಕ್ಕೆ ಕೊನೆಯೇ ಇರದು. ಆದರೆ ಯಾವುದೇ ಬೆಳಕಿನ ಧ್ರುವೀಕರಣವನ್ನು ನಾಲ್ಕೇ ಸಂಖ್ಯೆಗಳಿಂದ ವರ್ಣಿಸಬಹುದೆಂದು ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿಯೇ ತೋರಿಸಿದ್ದನು. ಆದ್ದರಿಂದ ಅಡ್ಡ, ಲಂಬ, 45 ಡಿಗ್ರಿ ಓರೆ ಮತ್ತು ವೃತ್ತಾಕಾರದ ಕಂಪನಗಳುಳ್ಳ ನಾಲ್ಕು ಬಗೆಯ ಬೆಳಕನ್ನು, ಉಪಕರಣವಿಲ್ಲದೆ ಒಮ್ಮೆ ಮತ್ತು ಉಪಕರಣದ ಮೂಲಕ ಒಮ್ಮೆ, ಹಾಯಿಸಿ ಅಳೆದರೆ ಸಾಕು. ಗೋಳದ ಮೇಲೆ ಬೆಳಕು ಎಲ್ಲಿ ಅತಿ ಹೆಚ್ಚು, ಎಲ್ಲಿ ಅತಿ ಕಡಿಮೆ ಹಾಯುವುದೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ. ಎಷ್ಟು ಸೊಗಸಾದ ಉಪಾಯ!

ಲೆಕ್ಕ ಸುಲಭವಾದರೂ ಪ್ರಯೋಗ ಮಾತ್ರ ನಾಜೂಕಿನದು. ಮೇಜಿನ ಮೇಲಿನ ತಂತುವನ್ನು ಬೆರಳಿನಿಂದ ತುಸು ಬಾಗಿಸಿದರೂ ಒಳಗಿನ ಧ್ರುವೀಕರಣ ಬದಲಾಗಿ ಅಳತೆ ಕೆಡುತ್ತದೆ. ಅದಕ್ಕಾಗಿ ತಂತುವನ್ನು ಅಂಟುಪಟ್ಟಿಯಿಂದ ಮೇಜಿಗೆ ಬಿಗಿದು, ಅಳತೆಗಳೆಲ್ಲ ಮುಗಿಯುವವರೆಗೂ ಯಾರೂ ಅದನ್ನು ಮುಟ್ಟದಂತೆ ನೋಡಿಕೊಳ್ಳುತ್ತಾರೆ.